ಮೇಕೆಗೆ ಹಾಕಿದ ಉಪ್ಪು

ಚೀನಾ ದೇಶದಲ್ಲಿ ಹಿಂದೆ ಒಬ್ಬ ರಾಜನಿಗೆ ಲೆಕ್ಕವಿಲ್ಲದಷ್ಟು ರಾಣಿಯರು. ಇವತ್ತು ಯಾರ ಮನೆಗೆ ಹೋಗಬೇಕೆಂದು ಯೋಚಿಸುವುದಕ್ಕೂ ಅವನಿಗೆ ಸೋಮಾರಿತನ. ಸಂಜೆಯಾದರೆ ಮೇಕೆ ಕಟ್ಟಿದ ಪುಟ್ಟ ಬಂಡಿ ಏರಿ ಕೂತುಬಿಡುತ್ತಿದ್ದ. ಮೇಕೆ ಯಾವ ಬಾಗಿಲಲ್ಲಿ ನಿಲ್ಲುತ್ತದೋ ಆ ರಾಣಿಯ ಅದೃಷ್ಟ ಅಂದು ಖುಲಾಯಿಸಿದಂತೆ. ರಾಜ್ಯ ಆಳುವವನು ರಾಜ, ರಾಜನನ್ನು ಆಳುವುದು ಮೇಕೆ. ಹೇಗಿದೆ ನೋಡಿ.

ರಾಣಿ ಷುಯಿನ್ ಎಳೆಯ ವಯಸ್ಸಿಗೇ ಆ ಅರಮನೆ ಸೇರಿದವಳು. ಒಳಗೆ ಬಂದವರಿಗೆ ಮತ್ತೆ ತವರಿನ ದಾರಿಯಿಲ್ಲ. ಮೇಕೆಗೆ ಉಪ್ಪೆಂದರೆ ಪ್ರಾಣ ಎಂದು ಅವಳಿಗೆ ಗೊತ್ತಿತ್ತು. ದಿನವೂ ಹೊಸ್ತಿಲ ಮುಂದೆ ಉಪ್ಪು ಚೆಲ್ಲಿ, ತಲೆ ಬಾಚಿ, ಕಾಯುತ್ತ ಕೂರುತ್ತಿದ್ದಳು. ಬಂಡಿ ಬರುತ್ತಿತ್ತು, ಮುಂದೆ ಹೋಗುತ್ತಿತ್ತು. ಎಲ್ಲರ ಬಾಗಿಲಲ್ಲೂ ಉಪ್ಪಿದ್ದರೆ ಪಾಪ, ಮೇಕೆಯಾದರೂ ಏನು ಮಾಡೀತು?

ಪಕ್ಕದ ಮನೆಯ ರಾಣಿ ಯೂಲಾನಳದೂ ಅದೇ ಪಾಡು. ಇಬ್ಬರ ನಡುವೆ ಒಂದೇ ಗೋಡೆ, ಮಾತು ಮಾತ್ರ ಇಲ್ಲ. ಸವತಿಯ ಜೊತೆ ಎಂಥ ಮಾತು? ಒಮ್ಮೆ ಯೂಲಾನಳಿಗೆ ತಾಯಿ ಸತ್ತ ಸುದ್ದಿ ಬಂತು. ಗೋಡೆಯಾಚೆಯ ಅಳು ಕೇಳಿ ಷುಯಿನ್ ಎದ್ದು ಅವಳ ಬಾಗಿಲವರೆಗೂ ಹೋದಳು. ಅಷ್ಟರಲ್ಲಿ ಬಂಡಿಯ ಗೆಜ್ಜೆ ಸದ್ದಾಯಿತು. ಓಡಿ ಬಂದು ಕನ್ನಡಿಯ ಮುಂದೆ ಕುಳಿತಳು. ಹೀಗೇ ಕಾದು ಕಾದು ಕೂದಲು ನರೆಯಿತು.

ಒಂದು ಸಂಜೆ ಬಂಡಿ ಅವಳ ಬಾಗಿಲಲ್ಲೇ ನಿಂತಿತು. ಷುಯಿನ್ ಎದ್ದು ಬಂದು ಬಂಡಿಯ ಪರದೆ ಸರಿಸಿದಳು. ಒಳಗೆ ಬರೀ ದಿಂಬು.

“ಮಹಾರಾಜರು ಎಲ್ಲಿ?”

“ಅವರು ದಕ್ಷಿಣದ ಅರಮನೆಗೆ ಹೋಗಿ ತಿಂಗಳುಗಳೇ ಆದವಲ್ಲ ತಾಯಿ,” ಎಂದ ಬಂಡಿಯ ಹಿಂದೆ ನಡೆದು ಬರುತ್ತಿದ್ದ ಆಳು. “ಮೇಕೆಗೆ ರೂಢಿ ತಪ್ಪಬಾರದೆಂದು ಸುತ್ತಾಡಿಸುತ್ತಿದ್ದೇನೆ. ನಿಮಗೆ ಯಾರೂ ಹೇಳಲಿಲ್ಲವೇ?”

ಯಾರು ಹೇಳಬೇಕು? ಅವಳ ಜೊತೆ ಮಾತಾಡುವವರು ಯಾರಿದ್ದರು? ಷುಯಿನ್ ಹೊಸ್ತಿಲ ಮೇಲೆ ಕುಸಿದು ಅತ್ತಳು. ಮೇಕೆ ತನ್ನ ಪಾಡಿಗೆ ತಾನು ಉಪ್ಪು ನೆಕ್ಕುತ್ತಿತ್ತು.

ಪಕ್ಕದ ಬಾಗಿಲು ತೆರೆಯಿತು. ಯೂಲಾನ್ ಬಂದು ಹತ್ತಿರ ಕುಳಿತಳು. ಅವಳ ತಲೆಯೂ ಬೆಳ್ಳಗಾಗಿತ್ತು.

“ಅಂದು ನೀವು ಅಳುವಾಗ ನಾನು ಒಳಗೆ ಬರಲಿಲ್ಲ ಅಕ್ಕಾ,” ಎಂದಳು ಷುಯಿನ್.

“ಬಾಗಿಲವರೆಗೆ ಬಂದದ್ದು ಕೇಳಿಸಿತ್ತು. ಬರುತ್ತೀಯೆಂದು ಕಾಯುತ್ತಿದ್ದೆ,” ಎಂದಳು ಯೂಲಾನ್. “ಏಳು, ಒಲೆಯ ಮೇಲೆ ಗಂಜಿ ಇದೆ. ಸಪ್ಪೆ ಗಂಜಿ. ಇದ್ದ ಉಪ್ಪನ್ನೆಲ್ಲ ಆ ಮೇಕೆಗೆ ಸುರಿದುಬಿಟ್ಟೆ.”

ಷುಯಿನ್ ತನ್ನ ಉಪ್ಪಿನ ಭರಣಿ ಎತ್ತಿಕೊಂಡು ಅವಳ ಹಿಂದೆ ಹೋದಳು. ಮರುದಿನ ಮೇಕೆ ಬಂದಾಗ ಆ ಎರಡು ಬಾಗಿಲುಗಳಲ್ಲಿ ನೆಕ್ಕಲು ಏನೂ ಇರಲಿಲ್ಲ.

ನೀತಿ: ಬಾರದವರ ದಾರಿ ಕಾಯುತ್ತ ಪಕ್ಕದಲ್ಲೇ ಇರುವವರನ್ನು ಮರೆಯಬೇಡಿ. ಗೋಡೆಯಾಚೆ ಅಳು ಕೇಳಿದರೆ ಎದ್ದು ಹೋಗಿ. ನಿಮ್ಮ ಒಂಟಿತನದ ಮದ್ದೂ ಅಲ್ಲೇ ಇದ್ದೀತು.