ಎತ್ತಿಕೊಂಡು ಬಂದವನು

“ಗುರುಗಳೇ, ಬಿದ್ದು ಮೂಳೆ ಮುರಿದುಕೊಂಡವನು ಪೂರ್ತಿ ಹುಷಾರಾದ ಅಂತ ಯಾವಾಗ ಹೇಳಬಹುದು?” ಎಂದು ಶಿಷ್ಯ ಕೇಳಿದ. ಸೈಕಲ್ಲಿನಿಂದ ಬಿದ್ದು ಬಹಳ ಕಾಲ ಮಲಗಿದ್ದ ಅವನ ಅಣ್ಣ ಅಂದು ಬೆಳಿಗ್ಗೆ ಗೋಡೆ ಹಿಡಿದು ನಿಂತಿದ್ದ.

ಗುರು ಹೇಳಿದರು:

ಒಬ್ಬ ಬಳೆ ವ್ಯಾಪಾರಿ ಇದ್ದ. ಸೈಕಲ್ಲಿನ ಹಿಂದೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಹೆಂಗಸರ ಕೈ ಹಿಡಿದು ಬದುಕುವ ಕಸುಬು; ಮಾತು ಬೆಣ್ಣೆ, ಮೀಸೆಗೆ ಎಣ್ಣೆ. ಹೆಂಡತಿಗೆ ಮೂಡಲ ಹಳ್ಳಿಗಳಿಗೆ ಹೊರಟೆ ಅಂತ ಹೇಳಿ ಹೋಗುವನು, ಸೈಕಲ್ಲು ಮಾತ್ರ ಪಡುವಲ ದಿಬ್ಬ ಹತ್ತುತ್ತಿತ್ತು. ದಿಬ್ಬದ ಮೇಲೆ ಇದ್ದದ್ದು ಒಂದೇ ಮನೆ. ಆ ಮನೆಯ ಗಂಡಸು ಗಾಡಿ ಹೊಡೆಯಲು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವನ ಹೆಂಡತಿಯ ಒಂದು ಜೊತೆ ಕೈಗೆ ವಾರವಾರವೂ ಎಷ್ಟು ಬಳೆ ಬೇಕು, ಅದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಆ ಗಂಡ ಹೇಳದೆ ಕೇಳದೆ ಬಂದುಬಿಟ್ಟ. ವ್ಯಾಪಾರಿ ಹಿತ್ತಲ ಬಾಗಿಲಿನಿಂದ ನುಸುಳಿ, ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಸೈಕಲ್ಲು ಹತ್ತಿದ. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕೆಳಗೆ ಬಂಡೆ. ತೊಡೆಯ ಮೂಳೆ ಮುರಿಯಿತು, ಪಕ್ಕೆಲುಬು ಮುರಿಯಿತು, ಬಳೆ ತೊಡಿಸುವ ಬಲಗೈ ಮಣಿಕಟ್ಟಿನಲ್ಲಿ ಹಿಂದುಮುಂದಾಯಿತು. ಬಳೆಚೂರು ಮುಖಕ್ಕೆಲ್ಲ ನೆಟ್ಟಿತು.

ಆ ದಾರಿಯಲ್ಲಿ ಒಬ್ಬ ಕುರಿಗಾಹಿ ಬಂದ. ದೂರದ ಸೀಮೆಯವನು, ಮಂದೆ ಹೊಡೆದುಕೊಂಡು ಊರಿಂದೂರಿಗೆ ಹೋಗುವವನು. ಮಂದೆಯನ್ನು ನಾಯಿಗೆ ಒಪ್ಪಿಸಿದ. ಬಿದ್ದವನನ್ನು ತನ್ನ ಕಂಬಳಿಯಲ್ಲಿ ಸುತ್ತಿ, ಎತ್ತಿಕೊಂಡು ಊರಿಗೆ ತಂದ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. “ಎಲ್ಲಿ ಬಿದ್ದಿದ್ರಣ್ಣ ಇವರು?” ಅಂದಳು.

ಕುರಿಗಾಹಿ ಇನ್ನೂ ಏದುಸಿರು ಬಿಡುತ್ತಿದ್ದ. ಅವನ ಬಾಯಿಂದ ದಿಬ್ಬದ ಹೆಸರು ಬೀಳುವ ಮುಂಚೆ ವ್ಯಾಪಾರಿ ನರಳುತ್ತಲೇ ಹೇಳಿದ: “ಮೂಡಲ ದಾರೀಲಿ ಕಣೇ. ಇವನ ಕುರಿ ಅಡ್ಡ ಬಂದ್ವು.”

ಕುರಿಗಾಹಿ ಅವನ ಮುಖ ನೋಡಿದ. ಪೆಟ್ಟು ತಲೆಗೂ ಬಿದ್ದಿದೆ ಅಂದುಕೊಂಡು ಸುಮ್ಮನೆ ಹೋದ.

ಮೂಳೆ ಕಟ್ಟುವವನು ಬಂದು, ಎಳೆದು ಕೂರಿಸಿ, ಸೊಪ್ಪಿನ ಪಟ್ಟು ಹಾಕಿ, ಬಿದಿರು ದಬ್ಬೆ ಇಟ್ಟು ಬಿಗಿದ. ಅಲುಗಾಡಬಾರದು ಅಂದ. ಅಲುಗಾಡುವ ಮಾತೆಲ್ಲಿ ಬಂತು? ಉಣ್ಣಿಸಲು, ಮಗ್ಗುಲು ಬದಲಿಸಲು, ಮಲಮೂತ್ರ ಬಳಿಯಲು ಹೆಂಡತಿಯೇ ಬೇಕಾಯಿತು. ಅವಳು ಮೂಗು ಮುರಿಯದೆ ಮಾಡಿದಳು.

ಊರಿನವರು ನೋಡಲು ಬಂದರು. ಬರಿಗೈಲಿ ಬರಬಾರದು ಅಂತ ಬನ್ನು, ಬಾಳೆಹಣ್ಣು ತಂದರು. ತಂದ ಮೇಲೆ ಕೇಳದೆ ಹೋಗುವುದುಂಟೆ? ಹೇಗಾಯಿತು, ಎಲ್ಲಾಯಿತು, ಯಾರಿದ್ದರು. ಕುರಿ ಅಡ್ಡ ಬಂತು ಎಂಬುದು ಎರಡು ಬಾಳೆಹಣ್ಣಿಗೂ ಸಾಲದ ಕತೆ. ಆಮೇಲೆ ಬಂದವರಿಗೆ ಅದರಲ್ಲಿ ನಾಯಿ ಸೇರಿತು. ನಾಯಿಯ ಹಿಂದೆಯೇ ಕೋಲು ಬಂತು. ಕೊನೆಗೆ ಬಂದವರು ಕೇಳಿಸಿಕೊಂಡದ್ದು, ಕುರಿಗಾಹಿ ಬೇಕೆಂದೇ ಅಡ್ಡಗಟ್ಟಿ ಹೊಡೆದು ಕೆಡವಿದ ಅಂತ. ಅಯ್ಯೋ ಪಾಪ ಅಂದು ಅವರು ಕಣ್ಣೊರೆಸಿಕೊಂಡಾಗ ವ್ಯಾಪಾರಿಗೆ ನೋವು ಸ್ವಲ್ಪ ಕಡಿಮೆಯಾಗುತ್ತಿತ್ತು.

ಒಂದು ದಿನ ಊರ ಹಿರಿಯರೇ ಬಂದು ಹಾಸಿಗೆಯ ಪಕ್ಕ ಕೂತರು. ಕುರಿಗಾಹಿ ಇನ್ನೂ ಊರಾಚೆಯ ಬೀಳು ಹೊಲದಲ್ಲಿ ಮಂದೆ ತಂಗಿಸಿದ್ದ. “ನಿನ್ನ ಬಾಯಿಂದ ಒಂದು ಮಾತು ಬರಲಿ, ಮುಂದಿನದು ನಾವು ನೋಡ್ಕೋತೀವಿ. ಅವನೇ ತಾನೆ?” ಅಂದರು.

ವ್ಯಾಪಾರಿ ಹೆಂಡತಿಯ ಕಡೆ ನೋಡಿದ. ಅವಳು ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಅವನಲ್ಲ ಅಂದರೆ ಮತ್ತೆ ಹೇಗೆ ಬಿದ್ದೆ ಅಂತ ಕೇಳುತ್ತಾರೆ. ದಿಬ್ಬ ಅಂದರೆ ಇವಳು ಬಟ್ಟಲು ಕೆಳಗಿಟ್ಟು ತವರಿಗೆ ಹೋಗುತ್ತಾಳೆ. ಇವಳು ಹೋದರೆ ಮಗ್ಗುಲು ತಿರುಗಿಸುವವರು ಯಾರು, ಕೂಡುತ್ತಿರುವ ಮೂಳೆ ಕೂಡುವುದು ಹೇಗೆ. ಅವನು ಯೋಚಿಸಿದ್ದು ಇಷ್ಟೇ. ಎದ್ದು ಓಡಾಡಬೇಕೆಂಬ ಆಸೆ ಯಾರಿಗಿಲ್ಲ?

“ಅವನೇ,” ಅಂದ.

ಕುರಿಗಾಹಿಯನ್ನು ಎಳೆದು ತಂದು ವ್ಯಾಪಾರಿಯ ಮನೆಯ ಮುಂದೆಯೇ ನಿಲ್ಲಿಸಿದರು.

“ನಾನೇನೂ ಮಾಡಿಲ್ಲ ಸ್ವಾಮೀ. ದಿಬ್ಬದ ಕೆಳಗೆ ಬಿದ್ದಿದ್ದ, ಎತ್ತಿಕೊಂಡು ಬಂದೆ,” ಅಂದ.

“ಕೆಡವದೆ ಇದ್ದವನು ಎತ್ತಿಕೊಂಡು ಯಾಕೋ ಬಂದೆ? ನಿನಗೇನು ಅವನು ಅಣ್ಣನೋ, ತಮ್ಮನೋ?” ಅಂದರು ಹಿರಿಯರು.



ದಿಬ್ಬ ಎಂಬ ಮಾತು ಒಳಗೂ ಕೇಳಿಸಿತ್ತು. ಹೆಂಡತಿ ಗಂಡನ ಮುಖ ನೋಡಿದಳು. ಅವನು ಸೂರಿನ ಕಡೆ ನೋಡಿದ. ಅವಳಿಗೆ ಎಲ್ಲವೂ ತಿಳಿಯಿತು. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು, ಉಳಿದ ಗಂಜಿ ಕುಡಿಸಿದಳು. ಊರಲ್ಲಿ ತಲೆಯೆತ್ತಿ ನಡೆಯಬೇಕಾದದ್ದು ಅವಳಿಗೂ ಇತ್ತು.

ಹೊರಗೆ ಕುರಿಗಾಹಿಯ ತೊಡೆ ಮುರಿದರು. ಆ ಸದ್ದು ಮುಚ್ಚಿದ ಕಿಟಕಿಯನ್ನೂ ದಾಟಿ ಬಂತು. ಆ ನೋವು ಎಂಥದೆಂದು ಊರಿನಲ್ಲಿ ಚೆನ್ನಾಗಿ ಬಲ್ಲವನು ಹಾಸಿಗೆಯಲ್ಲಿ ಬಾಯಿ ಒರೆಸಿಕೊಂಡ.

ಮೂಳೆ ಕಟ್ಟುವವನ ಬಾಗಿಲಿಗೆ ಕುರಿಗಾಹಿ ತೆವಳಿಕೊಂಡು ಹೋದ. “ನಿನ್ನ ಕಾಲು ಕಟ್ಟಿದರೆ ನಾಳೆ ಈ ಊರಲ್ಲಿ ನನಗೆ ನೀರು ಹುಟ್ಟಲ್ಲಪ್ಪ,” ಅಂತ ಅವನು ಬಾಗಿಲು ಹಾಕಿಕೊಂಡ. ಕಾಲು ಬಾತಿತು, ಕೊಳೆಯಿತು, ಜ್ವರ ಏರಿತು. ಬೀಳಿನಲ್ಲಿ ತನ್ನ ಮಂದೆಯ ನಡುವೆಯೇ ಅವನು ಸತ್ತ. ಕುರಿಗಳನ್ನು ಊರಿನವರು ಕಡಿದು ಹಂಚಿಕೊಂಡರು. ಮುರಿದ ಮೂಳೆಗೆ ಒಳ್ಳೆಯದು ಅಂತ ಕಾಲುಗಳನ್ನೆಲ್ಲ ವ್ಯಾಪಾರಿಯ ಮನೆಗೆ ಕಳಿಸಿಕೊಟ್ಟರು. ಹೆಂಡತಿ ಕಾಲು ಸೂಪು ಕಾಯಿಸಿದಳು. ಅವನು ಕುಡಿದ.

ದಬ್ಬೆ ಬಿಚ್ಚುವ ಹೊತ್ತಿಗೆ ಮೂಳೆ ಗಟ್ಟಿಯಾಗಿ ಕೂಡಿತ್ತು. ಗೋಡೆ ಹಿಡಿದು ನಿಂತ, ಕೋಲು ಹಿಡಿದು ನಡೆದ, ಆಮೇಲೆ ಕೋಲನ್ನೂ ಬಿಟ್ಟ. ಬಲಗೈ ಮೊದಲಿನಷ್ಟೇ ನಾಜೂಕಾಗಿ ಬಳೆ ತೊಡಿಸಿತು. ಸೈಕಲ್ಲೂ ಹತ್ತಿದ. ದಿಬ್ಬಕ್ಕೆ ಹೋದನೇ ಅಂತ ನಿನ್ನ ನಾಲಿಗೆ ತುದಿಯಲ್ಲಿದೆ. ಹೋದ.

ಗುರು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಅವನು ಹುಷಾರಾಗಲೇ ಇಲ್ಲ ಎನ್ನುತ್ತೀರಾ?” ಎಂದು ಶಿಷ್ಯ ಕೇಳಿದ.

“ಅವನು ಪೂರ್ತಿ ಹುಷಾರಾದ, ಆ ಊರಿನ ದಾರಿಯಲ್ಲಿ ಬಿದ್ದವರನ್ನು ಮಾತ್ರ ಈಗ ಯಾರೂ ಎತ್ತುವುದಿಲ್ಲ.”