ಗಡೀಪಾರಾದ ಬಿಷಪ್ಪರ ಮೂರು ಒಗಟು

"ಉಪ್ಪಿನ ದ್ವೀಪದಲ್ಲಿ ತೀರಿಕೊಂಡ ಬಿಷಪ್ ಹನಾನರ ಕಡೆಯ ಓಲೆಯಲ್ಲಿ ಮೂರು ಒಗಟುಗಳಿವೆ. ಬಿಡಿಸಿದವರಿಗೆ ಕೇಳಿದ್ದು ಕೊಡುತ್ತೇವೆ. ಒಂದು ತಪ್ಪಿದರೂ ತಲೆ ಹೋಗುತ್ತದೆ." ಸಿಂದಾರದ ಅರಸ ಹೀಗೆಂದು ಡಂಗುರ ಹೊಡೆಸಿದ.

ಶತ್ರುಗಳಿಗೆ ಪತ್ರ ಬರೆದರೆಂದು ಹನಾನರನ್ನು ಗಡೀಪಾರು ಮಾಡಿದವನು ಇದೇ ಅರಸ. ಅವತ್ತು ಒಂದು ಮಾತೂ ವಿಚಾರಿಸದೆ ಮುದ್ರೆ ಒತ್ತಿದ್ದ. ಈಗ ಓಲೆಯಲ್ಲಿ ಒಗಟಿನ ಜೊತೆ ಉತ್ತರವೂ ಇತ್ತು; ಅದು ನಿಜವೆನ್ನಲು ಸಾಕ್ಷಿ ಇರಲಿಲ್ಲ, ಅದಕ್ಕೇ ಈ ಡಂಗುರ.

ಮೊದಲ ಒಗಟು: ನಾನು ಬರೆಯಲಿಲ್ಲ, ನನ್ನ ಕೈ ಬರೆಯಿತು, ಆ ಕೈ ಯಾವುದು? ಆಸ್ಥಾನದ ಪಂಡಿತ ವಿಧಿಯ ಕೈ ಎಂದ. ಸೇನಾಪತಿಯ ಮಗ ಸೈತಾನನ ಕೈ ಎಂದ. ಇಬ್ಬರ ತಲೆಯೂ ಹೋಯಿತು. ಆಮೇಲೆ ಹದಿನೈದು ದಿನ ಅರಮನೆಯ ಕಡೆ ಯಾರೂ ಸುಳಿಯಲಿಲ್ಲ. ಕೊನೆಗೆ ಜಬ್ದನೆಂಬ ಬಡ ಬಡಗಿ ಬಂದ. ನಿನ್ನ ಶವಪೆಟ್ಟಿಗೆಯ ಅಳತೆ ತೆಗೆದುಕೊಂಡೇ ಬಂದೆಯೇನಪ್ಪಾ ಎಂದು ಕಾವಲಿನವರು ನಕ್ಕರು.

"ಅದು ಹಿರಿಯ ಪಾದ್ರಿ ಗೂರಿಯನವರ ಕೈ," ಎಂದ ಜಬ್ದ. "ಬಿಷಪ್ಪರಿಗೆ ಕೈನಡುಕವಿತ್ತು, ಮಹಾಪ್ರಭು. ಹತ್ತು ವರ್ಷ ಅವರ ಪತ್ರಗಳನ್ನೆಲ್ಲ ಬರೆದವರು ಇವರೇ. ಕಿಟಕಿ ಸರಿಮಾಡಲು ಹೋದಾಗಲೆಲ್ಲ ನೋಡಿದ್ದೇನೆ."

ಅರಸನ ಪಕ್ಕದಲ್ಲೇ ನಿಂತಿದ್ದ ಗೂರಿಯ, ಮರ ಕೆತ್ತುವವನ ಮಾತಿಗೆ ಏನು ಬೆಲೆ ಎಂದ. ಅರಸ ಅವನ ಕಡೆ ತಿರುಗದೆ ಎರಡನೆಯದನ್ನು ಕೇಳಿದ: ಹಡಗು ಹತ್ತಿದವನು ನಾನು, ಬಿಟ್ಟುಹೋದವರು ಯಾರು?

"ನಾವು. ಅವರ ಕೈಯಿಂದ ಜ್ಞಾನಸ್ನಾನ ಪಡೆದ ಊರಿಗೆ ಊರೇ ಆವತ್ತು ಬಾಗಿಲು ಹಾಕಿಕೊಂಡಿತ್ತು."

ಮೂರನೆಯದು: ನಾನು ಬದುಕಿದ್ದಾಗಲೇ, ರಕ್ತ ಚೆಲ್ಲದ ಅಲಗಿನಿಂದ ನನ್ನನ್ನು ಕೊಂದವನು ಯಾರು?

"ನಾನು," ಎಂದ ಜಬ್ದ.

ಆಮೇಲೆ ಬಿಡಿಸಿ ಹೇಳಿದ. ಇಗರ್ಜಿಯ ಪೀಠದ ಬಳಿ ಒಂದು ಮರದ ಹಲಗೆ ಇದೆ. ಅದರಲ್ಲಿ ಕೆತ್ತಿರುವ ಬಿಷಪ್ಪರ ಹೆಸರುಗಳನ್ನು, ಸತ್ತವರದೂ ಸೇರಿಸಿ, ಪ್ರತಿ ಭಾನುವಾರ ಗಟ್ಟಿಯಾಗಿ ಓದುತ್ತಾರೆ. ಯಾರ ಹೆಸರು ಓದುವುದಿಲ್ಲವೋ ಅವನು ಸಭೆಯ ಪಾಲಿಗೆ ಸತ್ತಂತೆ. ಹಡಗು ಹೊರಟ ಮರುದಿನವೇ ಗೂರಿಯ ಜಬ್ದನನ್ನು ಕರೆಸಿ ಹನಾನರ ಹೆಸರು ಹೆರೆಸಿದ್ದ; ಸುದ್ದಿ ದ್ವೀಪಕ್ಕೂ ಮುಟ್ಟಿತ್ತು. ಉಳಿ ಹಿಡಿದವನು ಜಬ್ದ.

"ಒಪ್ಪಿಕೊಂಡರೆ ತಲೆ ಹೋದೀತೆಂದು ಹೆದರಲಿಲ್ಲವೇ?"

"ಬೇರೆ ಹೆಸರು ಹೇಳಿದ್ದರೂ ಹೋಗುತ್ತಿತ್ತಲ್ಲ, ಮಹಾಪ್ರಭು."

ಮೂರೂ ಸರಿ ಎಂದು ಅರಸ ಓಲೆ ಮಡಚಿದ. ಏನು ಬೇಕೆಂದು ಕೇಳಿದಾಗ ಜಬ್ದ, ಹೆಸರನ್ನು ಮತ್ತೆ ಕೆತ್ತಲು ಅಪ್ಪಣೆ ಬೇಕೆಂದ. ಅದು ಸಿಕ್ಕಿತು, ಜೊತೆಗೆ ಅರಮನೆಯ ಬಡಗಿಯ ಕೆಲಸವೂ ಸಿಕ್ಕಿತು. ಬಾಗಿಲು ಹಾಕಿಕೊಂಡಿದ್ದ ಊರು ಈಗ ಹನಾನರನ್ನು ಸಂತರೆನ್ನುತ್ತದೆ, ಅದಕ್ಕೇನೂ ಖರ್ಚಿಲ್ಲ.

ಗೂರಿಯನ ತಲೆ ತೆಗೆಯಿರೆಂದು ಎಲ್ಲರೂ ಕೂಗಿದರು. ಅರಸ ತೆಗೆಸಲಿಲ್ಲ. ಬದುಕಿರುವಷ್ಟು ಕಾಲ ಆ ಹಲಗೆಯನ್ನು ಅವನೇ ಓದಬೇಕೆಂದು ವಿಧಿಸಿದ.