ಕಾಡುಗುಲಾಬಿ ತಲೆ ಕೊಟ್ಟಿದ್ದು

ಮಗು, ದೇವರು ಆಗಷ್ಟೇ ಭೂಮಿಗೆ ಹಸಿರು ಹಚ್ಚಿ ಕೈ ತೊಳೆದುಕೊಂಡಿದ್ದ ಕಾಲ. ಆಗ ಗಿಡಗಳೂ ಮಾತಾಡುತ್ತಿದ್ದವು, ಗಾಳಿಯೂ ಮಾತಾಡುತ್ತಿತ್ತು.

ಆಗ ಲೋಕಕ್ಕೆಲ್ಲ ಕೆಂಪು ಗುಲಾಬಿ ಅಂತ ಇದ್ದದ್ದು ಒಂದೇ ಗಿಡ. ಕೆಂಚವ್ವ ಎಂಬಾಕೆ ಅದಕ್ಕೆ ನೀರೆರೆದು, ಅದರ ಹೂ ಕಟ್ಟಿ, ದಿನಾ ಶಿವನಿಗೆ ಮುಡಿಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಗಿಡದ ಬೇರಿಗೆ ಹುಳ ಬಿತ್ತು. ಕೊಂಬೆಗಳೆಲ್ಲ ಒಣಗಿದವು. ಹಸಿರಾಗಿ ಉಳಿದದ್ದು ಒಂದು ಕಡ್ಡಿ, ಅದರ ಮೇಲೆ ಚಿಗುರೊಡೆಯುವ ಎರಡು ಕಣ್ಣು.

“ನಾನು ಹೊರಟೆ ಅವ್ವಾ. ನಾಳೆಯಿಂದ ಶಿವನಿಗೆ ಈ ಕಂಪಿಲ್ಲ,” ಎಂದಿತು ಗುಲಾಬಿ.

“ಹೋಗೋಕೆ ಬಿಡ್ತೀನಾ?” ಎಂದಳು ಕೆಂಚವ್ವ.

ಬೇಲಿಯಲ್ಲಿ ಕಾಡುಗುಲಾಬಿ ಇತ್ತು. ಮೈತುಂಬ ಮುಳ್ಳು, ಉಗುರಿನಷ್ಟು ಬಿಳಿ ಹೂ. ಬೇರು ಮಾತ್ರ ಕಲ್ಲು ಸೀಳುವಂಥದ್ದು. ಕೆಂಚವ್ವ ಆ ಹಸಿರು ಕಡ್ಡಿಯನ್ನು ಕೊಯ್ದುಕೊಂಡು ಅದರ ಹತ್ತಿರ ಹೋದಳು.

“ತಾಯಿ, ನಿನ್ನ ತೊಗಟೆಯೊಳಗೆ ಈ ಕಣ್ಣಿಗೆ ಜಾಗ ಕೊಡ್ತೀಯಾ?”

“ಓಹೋ! ಇಷ್ಟು ದಿನ ‘ಥೂ, ಮುಳ್ಳು’ ಅಂತ ಸೀರೆ ಎತ್ಕೊಂಡು ಹೋಗ್ತಿದ್ದವಳು, ಈಗ ತಾಯಿ ಅಂತೀಯಾ?” ಎಂದು ನಕ್ಕಿತು ಕಾಡುಗುಲಾಬಿ. ನಕ್ಕರೂ ತೊಗಟೆ ಸಡಿಲಿಸಿತು.

ಕೆಂಚವ್ವ ತೊಗಟೆ ಸೀಳಿ, ಕಡ್ಡಿಯಿಂದ ಒಂದು ಕಣ್ಣನ್ನು ಬಿಡಿಸಿ ಒಳಗಿಟ್ಟಳು. ಹಾರ ಕಟ್ಟಿ ಕಟ್ಟಿ ಅಭ್ಯಾಸವಾದ ಕೈ ನೋಡು, ಬಾಳೆನಾರನ್ನು ಸಂದಿಲ್ಲದ ಹಾಗೆ ಬಿಗಿದುಬಿಟ್ಟಿತು. ಕಣ್ಣೂ ಮುಚ್ಚಿಹೋಯಿತು. ಪಾಪ, ಉಸಿರು ಕಟ್ಟಿ ಕಪ್ಪಾಗಿ ಸತ್ತಿತು.

“ಇದು ಹಾರ ಅಲ್ಲ ಕಣವ್ವ, ಜೀವ. ಕಣ್ಣು ಬಿಟ್ಟು ಕಟ್ಟು,” ಎಂದಿತು ಗಾಳಿ.

ಕೆಂಚವ್ವ ಅಳುತ್ತ ಕೂರಲಿಲ್ಲ. “ಶಿವನೇ, ನೀನೇ ಕೈ ಹಿಡಿ,” ಎಂದು ಉಳಿದ ಕಣ್ಣನ್ನು ಇಟ್ಟಳು. ಈ ಸಲ ಮೇಲಷ್ಟು, ಕೆಳಗಷ್ಟು ನಾರು ಸುತ್ತಿ ಕಣ್ಣನ್ನು ಹೊರಗೆ ಬಿಟ್ಟಳು.

ಕಣ್ಣು ಹಿಡಿಯಿತು, ಹಸಿರಾಗಿಯೇ ಇತ್ತು. ಅಷ್ಟರಲ್ಲಿ ಹಳೆಯ ಗಿಡ ಪೂರ್ತಿ ಒಣಗಿಹೋಯಿತು. ಕಣ್ಣು ಮಾತ್ರ ಚಿಗುರಲೊಲ್ಲದು.

“ಯಾಕೆ ನನ್ನ ಕಂದಾ?”

“ಬೇರಿನ ನೀರನ್ನೆಲ್ಲ ನನ್ನ ಮೇಲಿರೋ ಕಾಡುಗುಲಾಬಿ ಕೊಂಬೆಗಳೇ ಕುಡಿದುಬಿಡ್ತವೆ ಅವ್ವಾ.”

ಕೆಂಚವ್ವ ಕುಡುಗೋಲು ತಂದು ಕಾಡುಗುಲಾಬಿಯ ಮುಂದೆ ನಿಂತಳು.

“ನನ್ನ ತಲೆ ಬೇಕು, ಅಲ್ವಾ?” ಎಂದಿತು ಕಾಡುಗುಲಾಬಿ. “ಶಿವನ ಮುಡಿಗೆ ನನ್ನ ಹೂವನ್ನು ಯಾರೂ ಒಯ್ಯಲಿಲ್ಲ. ಈ ಕೂಸಿನ ಜೊತೆ ನನ್ನ ಬೇರಿನ ನೀರಾದರೂ ಅಲ್ಲಿಗೆ ಏರಲಿ. ಕಡಿ. ಆದರೆ ಒಂದು ಮಾತು, ತಲೆ ಕೊಟ್ಟೆ ಅಂತ ಸತ್ತೆ ಅಂದ್ಕೋಬೇಡ. ಬುಡದಿಂದ ಆಗಾಗ ಎದ್ದು ಬರ್ತೀನಿ!”

ಕೆಂಚವ್ವ ಕೈಮುಗಿದು ಕಡಿದಳು. ಕಣ್ಣು ಕೆಂಪಗೆ ಚಿಗುರೊಡೆಯಿತು.

ಅದಕ್ಕೇ ಮಗು, ನಮ್ಮ ಕಸಿ ಗುಲಾಬಿಯಲ್ಲಿ ಕಣ್ಣು ಕೂಡಿಸಿದ ಗಂಟಿನ ಕೆಳಗಿನಿಂದ ಆ ಮುಳ್ಳಿನ ಚಿಗುರು ಇವತ್ತಿಗೂ ಏಳುತ್ತದೆ; ನಾವು ಎಷ್ಟು ಸಲ ಚಿವುಟಿದರೂ ಮತ್ತೆ ಏಳುತ್ತದೆ.